ಎಲ್ಲರಿಗೂ ಗೊತ್ತಿದ್ದುದನ್ನು ಬರೆಸಿಕೊಂಡವರು

ನಾನು ನಿಂತಿದ್ದದ್ದು ಬ್ಯಾಡಗಿಯಲ್ಲಿ, ನಮ್ಮ ಸಂಶೋಧನಾ ಕಚೇರಿಯ ಮೆಣಸಿನಕಾಯಿ ಶೆಡ್ಡಿನ ಹಿಂದಿನ ಕೋಣೆಯಲ್ಲಿ, ಬಾಗಿಲಿಗೂ ಕಿಟಕಿಗೂ ನಡುವೆ ಗೋಡೆಗೆ ಬೆನ್ನು ಕೊಟ್ಟು. ಇಸವಿ ಎರಡು ಸಾವಿರದ ಆರು, ಮಾರ್ಚ್ ತಿಂಗಳು, ಗುರುವಾರ. ಗುರುವಾರ ಅಲ್ಲಿ ಪೇಟೆಯ ದಿನ. ಬಿಸಿಲು ಇಳಿಯಲು ಶುರುವಾಗಿತ್ತು. ನಾನು ನಿಂತಲ್ಲಿಂದ ಅವರ ಬೆನ್ನು, ಬಲಗೈ ಮತ್ತು ಕಂಪ್ಯೂಟರ್ ಪರದೆಯ ಕೆಳಗಿನ ಅರ್ಧ ಕಾಣುತ್ತಿದ್ದವು. ಮೇಲಿನ ಅರ್ಧಕ್ಕೆ ಅವರ ತಲೆ ಅಡ್ಡ ಬಂದಿತ್ತು. ಅಂದೇ ಬಯಲಾದ ತಮ್ಮದೇ ಒಂದು ತಪ್ಪನ್ನು ಅವರು ಕನ್ನಡದಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ, ಯಂತ್ರಕ್ಕೆ ಬರೆದುಕೊಡುತ್ತಿದ್ದರು. ಕೋಣೆಯಲ್ಲಿ ಇನ್ನೂ ಮೂವರಿದ್ದರು.

ಹೋದ ತಿಂಗಳು ಅವರು ರಾಣೆಬೆನ್ನೂರಿನಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದ ಮೇಲೆ ಕಚೇರಿಯವರು ಅವರ ಬಗ್ಗೆ ಏನಾದರೂ ಬರೆದುಕೊಡು ಎಂದರು. ಅವರ ಓದು, ನೌಕರಿ, ಪ್ರಶಸ್ತಿ ಇವನ್ನೆಲ್ಲ ಬೇರೆಯವರು ಬರೆದಿದ್ದಾರೆ. ನಾನು ಕಂಡದ್ದನ್ನಷ್ಟೇ ಬರೆಯಬಲ್ಲೆ. ಹೆಸರು ಬೇಡ. ಹಾವೇರಿಯಿಂದ ರಾಣೆಬೆನ್ನೂರಿನ ತನಕ ನಮ್ಮ ಕಚೇರಿಯ ಯಾರನ್ನೇ ಕೇಳಿದರೂ ಅವರು 'ಭಂಡಾರದ ಸರ್'.

ಭಂಡಾರ ಎಂದರೆ ಏನೆಂದು ಮೊದಲು ಹೇಳಬೇಕು. ನಮ್ಮ ಮುಖ್ಯ ಕಚೇರಿ ಹಾವೇರಿಯಲ್ಲಿ. ಬೀಜದ ಪ್ರಯೋಗಾಲಯ ರಾಣೆಬೆನ್ನೂರಿನಲ್ಲಿ. ಮೆಣಸಿನಕಾಯಿ ಒಣಗಿಸುವ, ಆರಿಸುವ ಶೆಡ್ಡು ಬ್ಯಾಡಗಿಯಲ್ಲಿ. ಮೂರೂ ಕಡೆ ವಿಜ್ಞಾನಿಗಳು ವರ್ಷಗಟ್ಟಲೆ ಅಳೆದು, ತೂಗಿ, ಎಣಿಸಿ ಇಟ್ಟ ಅಂಕಿಗಳು ಕಬ್ಬಿಣದ ಕಪಾಟುಗಳಲ್ಲಿ ಬಿದ್ದಿದ್ದವು. ಕೆಲವಕ್ಕೆ ಗೆದ್ದಲು ಹತ್ತಿತ್ತು. ಕೆಲವು ಫ್ಲಾಪಿಗಳಲ್ಲಿದ್ದವು, ಆ ಫ್ಲಾಪಿಗಳನ್ನು ಓದುವ ಯಂತ್ರವೇ ಉಳಿದಿರಲಿಲ್ಲ. ಇವನ್ನೆಲ್ಲ ಕಂಪ್ಯೂಟರಿನಲ್ಲಿ ಕಾಪಾಡಿ ಇಡಲು, ಬೇಕೆಂದವರಿಗೆ ಕೊಡಲು ಒಂದು ಏರ್ಪಾಡು ಆಗಬೇಕಿತ್ತು. ಅದನ್ನು ಕಟ್ಟಲು ಅವರನ್ನು ಒಂದು ಕಾಲೇಜಿನಿಂದ ಎರವಲು ಸೇವೆಯ ಮೇಲೆ ಕಳಿಸಿದ್ದರು. ಆಗ ಅವರಿಗೆ ಐವತ್ತು ದಾಟಿತ್ತು. ಮೂಲ ಕಾಗಿನೆಲೆಯ ಕಡೆಯವರು, ಮೆಣಸಿನಕಾಯಿ ಬೆಳೆಯುವ ಮನೆಯಲ್ಲಿ ಹುಟ್ಟಿದವರು. ಬ್ಯಾಡಗಿಯ ಘಾಟಿಗೆ ನಮ್ಮೆಲ್ಲರ ಕಣ್ಣು ಮೂಗು ಸೋರುತ್ತಿದ್ದರೆ ಅವರ ಕಣ್ಣು ಒಣಗಿಯೇ ಇರುತ್ತಿತ್ತು. ನಾನು ಕರ್ಜಗಿಯವನು, ಹಾವೇರಿ ಕಚೇರಿಯಲ್ಲಿ ತಾಂತ್ರಿಕ ಸಹಾಯಕ. ಅವರು ಹೇಳಿದ್ದನ್ನು ಟೈಪ್ ಮಾಡುವುದು ನನ್ನ ಕೆಲಸವಾಯಿತು.

ಬಂದ ಹೊಸತರಲ್ಲಿ ಅವರು ಕಂಪ್ಯೂಟರ್ ಮುಟ್ಟಲೇ ಇಲ್ಲ. ನಮ್ಮನ್ನೆಲ್ಲ ಬ್ಯಾಡಗಿಯ ಪೇಟೆಗೆ ಕರೆದುಕೊಂಡು ಹೋಗಿ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂರಿಸಿದರು. ಸುಗ್ಗಿಯ ಕಾಲ. ಕಣ್ಣು ಹಾಯುವಷ್ಟು ದೂರ ಕೆಂಪು. ಆ ಕೆಂಪಿನ ನಡುವೆ ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸದ್ದಿಲ್ಲದೆ ಓಡಾಡುತ್ತಿದ್ದರು. ನೀರಿನ ತಳದಲ್ಲಿ ನಡೆಯುವವರನ್ನು ದಡದಿಂದ ನೋಡಿದ ಹಾಗೆ ಅನ್ನಿಸಿತು ನನಗೆ. ಅವರು ಒಬ್ಬೊಬ್ಬರನ್ನೇ ತೋರಿಸುತ್ತ ಹೋದರು.

"ಆರಿಸಾವರು ಆರಿಸತಾರ. ತೂಗಾವ ತೂಗತಾನ. ಹೊಲಿಯಾವ ಚೀಲ ಹೊಲೀತಾನ. ಇವತ್ತ ತೂಗಾವ ಜ್ವರ ಬಂದು ಮಲಗಿದ್ರ ಪೇಟಿ ನಿಲ್ಲತೈತೇನು? ಇನ್ನೊಬ್ಬಾವ ಬಂದು ತಕ್ಕಡಿ ಮುಂದ ಕುಂದರತಾನ. ನಮ್ಮ ಭಂಡಾರನೂ ಹಿಂಗ ಇರಬೇಕು."

ಆಮೇಲೆ ಕಟ್ಟಿದ್ದೂ ಹಾಗೆಯೇ. ಒಂದೇ ದೊಡ್ಡ ತಂತ್ರಾಂಶ ಅಲ್ಲ, ಬೇರೆ ಬೇರೆ ಸಣ್ಣ ಸೇವೆಗಳು. ಅಂಕಿಗಳನ್ನು ಬಾಗಿಲಲ್ಲಿ ಸ್ವೀಕರಿಸುವುದು ಒಂದು. ಅವನ್ನು ಪರೀಕ್ಷಿಸುವುದು ಇನ್ನೊಂದು. ಒಳಗೆ ಇಡುವುದು ಮತ್ತೊಂದು. ದೂರವಾಣಿ ತಂತಿಯ ಮೂಲಕ ರಾಣೆಬೆನ್ನೂರಿಗೂ ಬ್ಯಾಡಗಿಗೂ ನಕಲು ಕಳಿಸುವುದು, ಕೇಳಿದವರಿಗೆ ಕೊಡುವುದು, ಹೀಗೆ ಪ್ರತಿಯೊಂದೂ ತನ್ನ ಪಾಡಿಗೆ ತಾನು. ಯಾವುದು ಹಳತಾದರೂ ಅದೊಂದನ್ನೇ ಬದಲಾಯಿಸಬಹುದು, ಉಳಿದವು ನಡೆದಿರುತ್ತವೆ. ಒಂದು ನಿಯಮವನ್ನು ಮಾತ್ರ ಅವರು ಎಲ್ಲರಿಗೂ ಮತ್ತೆ ಮತ್ತೆ ಹೇಳುತ್ತಿದ್ದರು: ಬರುವುದೆಲ್ಲ ಬಾಗಿಲಿನಿಂದಲೇ ಬರಬೇಕು. ಒಳಗಿನ ಕಪಾಟಿಗೆ ಯಾರೂ ನೇರವಾಗಿ ಕೈ ಹಾಕಬಾರದು, ತಾವೂ ಕೂಡ.

ಯೋಚನೆಗೆ ಬಿದ್ದಾಗ ಅವರು ಕಣ್ಣು ಮುಚ್ಚಿ, ಎಡಗೈಯನ್ನು ಮೇಜಿನ ಮೇಲೆ ಅಂಗೈ ಮೇಲಾಗಿ ಚಾಚಿ ಇಡುತ್ತಿದ್ದರು, ಯಾರೋ ಬಂದು ಅದರಲ್ಲಿ ಏನನ್ನೋ ಇಟ್ಟು ಹೋಗಲಿ ಎಂಬಂತೆ. ಎಷ್ಟೋ ಹೊತ್ತು ಹಾಗೇ ಕೂರುತ್ತಿದ್ದರು. ಹೊಸಬರು ನಿದ್ದೆ ಹೋಗಿದ್ದಾರೆ ಎಂದುಕೊಳ್ಳುತ್ತಿದ್ದರು. ನಡುವೆ ಕಣ್ಣು ಮುಚ್ಚಿಕೊಂಡೇ ಕೇಳುವರು: "ಆಕಿಗೆ ತಿಳೀತೈತೇನು?"

ಈ 'ಆಕಿ' ಯಾರೆಂದು ನಮಗೆ ಮೊದಲು ತಿಳಿಯಲಿಲ್ಲ. ನಮ್ಮ ಮುಖ್ಯಸ್ಥರು ತಮಾಷೆಯ ಮನುಷ್ಯ. ಒಂದು ದಿನ ಚಹಾದ ಹೊತ್ತಿಗೆ, ಸರ್ ದಿನಾ ಆಕಿ ಆಕಿ ಅಂತೀರಲ್ಲ, ಮನಿಯವರಿಗೆ ಗೊತ್ತೈತೇನ್ರಿ ಎಂದು ಎಲ್ಲರೆದುರು ಕೇಳಿಬಿಟ್ಟರು. ಇವರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಆಕಿ ಇನ್ನೂ ಹುಟ್ಟಿಲ್ಲ ಎಂದರು. ನಾವೆಲ್ಲ ಸತ್ತು, ನಮ್ಮ ಮಕ್ಕಳ ಮಕ್ಕಳೂ ಸತ್ತ ಮೇಲೆ ಒಬ್ಬ ಹುಡುಗಿ ಎಲ್ಲೋ ಕುಳಿತು ಈ ಭಂಡಾರವನ್ನು ತೆರೆಯುತ್ತಾಳೆ. ಅವಳಿಗೆ ಹಾವೇರಿ ಗೊತ್ತಿಲ್ಲ. ಮೆಣಸಿನಕಾಯಿಯನ್ನೂ ಅವಳು ಕಂಡಿರಲಿಕ್ಕಿಲ್ಲ. ಅವಳಿಗೆ ನಮ್ಮ ಅಂಕಿಗಳು ತಿಳಿಯಬೇಕು. ಅಷ್ಟು ಹೇಳಿ ಅವರು ಚಹಾ ಕುಡಿದರು. ಮುಖ್ಯಸ್ಥರು ಆಮೇಲೆ ಆ ಮಾತು ತೆಗೆಯಲಿಲ್ಲ. ಕೆಲವು ದಿನ ಕಳೆದ ಮೇಲೆ ಅವರೇ ಸಭೆಯಲ್ಲಿ ಯಾವುದೋ ನಮೂನೆ ನೋಡಿ, ಇದು ಆಕೆಗೆ ತಿಳಿಯುವುದಿಲ್ಲ ಎಂದದ್ದನ್ನು ನಾನು ಕೇಳಿದೆ.

ಇನ್ನೊಂದು ಅವರ ಮಾತು ನಮ್ಮನ್ನು ಬಹಳ ಕಾಡಿತು. ಅಂಕಿಗಳ ಜೊತೆ ಅವರು ವಿವರ ಕೇಳುತ್ತಿದ್ದರು. ಯಾರು ಅಳೆದರು, ಯಾವ ತಕ್ಕಡಿ, ಯಾವ ಹೊಲ, ಯಾವ ಹೊತ್ತು. ವಿಜ್ಞಾನಿಗಳಿಗೆ ಬೇಸರ. ಅದು ಗೊತ್ತಿರುವ ವಿಷಯವೇ ಅಲ್ಲವೇನ್ರಿ ಎನ್ನುವರು. ಇವರು ತಲೆಯೆತ್ತಿ ಒಂದೇ ಮಾತು ಕೇಳುವರು.

"ಯಾರಿಗೆ?"

ದನಿಯಲ್ಲಿ ಕುಹಕ ಇರುತ್ತಿರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಬೇಕು ಎನ್ನುವ ಹಾಗೆ ಕೇಳುತ್ತಿದ್ದರು. ಅದಕ್ಕೇ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು.

ಇನ್ನು ಗಿರಿಜಾ ಮೇಡಂ ವಿಷಯ. ಅವರು ನಮ್ಮ ಮೆಣಸಿನಕಾಯಿ ವಿಜ್ಞಾನಿ. ಹಾವೇರಿಯವರೇ. ಎಲೆ ಮುದುಡುವ ರೋಗಕ್ಕೆ ಬಗ್ಗದ ಒಂದು ತಳಿಗಾಗಿ ಇಡೀ ಸೇವಾವಧಿ ಕಳೆದಿದ್ದರು. ಆ ಮೇ ತಿಂಗಳಲ್ಲಿ ಅವರ ನಿವೃತ್ತಿ. ಅದಕ್ಕಿಂತ ಮೊದಲು ಹೊರಗಿನ ಸಮಿತಿಯೊಂದು ಬಂದು ಅವರ ತಳಿಯನ್ನು ರೈತರಿಗೆ ಶಿಫಾರಸು ಮಾಡಬೇಕೇ ಬೇಡವೇ ಎಂದು ತೀರ್ಮಾನಿಸಬೇಕಿತ್ತು. ಭಂಡಾರಕ್ಕೆ ಸೇರಿದ ಅಂಕಿಗಳನ್ನು ಮಾತ್ರ ನೋಡುತ್ತೇವೆ ಎಂದು ಸಮಿತಿ ಹೇಳಿ ಕಳಿಸಿತ್ತು.

ಅವರ ಎಲ್ಲ ವರ್ಷಗಳ ಪೈಕಿ ಮುಖ್ಯವಾದದ್ದು ಒಂದೇ ಒಂದು ಋತು. ರೋಗ ಸುತ್ತಿನ ಹೊಲಗಳನ್ನೆಲ್ಲ ಸುಟ್ಟ ಹಾಗೆ ಮಾಡಿದ ವರ್ಷ ಅದು. ನಮ್ಮ ಪ್ರಯೋಗದ ಹೊಲದಲ್ಲೂ ಒಂದೊಂದು ತಳಿಗೆಂದು ಬಿಟ್ಟ ತಾಕಿನ ಮೇಲೆ ತಾಕು ಮುದುಡಿ ಹೋಗಿತ್ತು. ಮೇಡಂ ಅವರ ತಳಿಯಿದ್ದ ಎಡಮಗ್ಗಲ ತಾಕು ಒಂದೇ ಹಸಿರಾಗಿ ಉಳಿದಿತ್ತು. ನಾನು ಒಂದು ಸಂಜೆ ಆ ತಾಕಿನ ಬದುವಿನ ಮೇಲೆ ನಿಂತಿದ್ದೆ. ಸುತ್ತ ಬೂದು ಬಣ್ಣ, ನಡುವೆ ಆ ಹಸಿರು. ಯಾರದೋ ಕನಸಿನ ಒಂದು ತುಂಡು ಜಾರಿ ಎರೆಮಣ್ಣಿನ ಮೇಲೆ ಬಿದ್ದ ಹಾಗಿತ್ತು. ಮೇಡಂ ಚಪ್ಪಲಿ ಬಿಟ್ಟು ಒಳಗೆ ಇಳಿದು ಒಂದೊಂದೇ ಗಿಡದ ಎಲೆ ತಿರುವಿ ನೋಡುತ್ತಿದ್ದರು.

ಆ ಋತುವಿನ ಹಾಳೆಗಳು ಮಾಳಿಗೆ ಸೋರಿ ನೆನೆದು ಒಂದಕ್ಕೊಂದು ಅಂಟಿಕೊಂಡಿದ್ದವು. ಮೇಡಂ ಚಾಕುವಿನ ಮೊನೆಯಿಂದ ಅವನ್ನು ಬಿಡಿಸಿ, ಬೆಳಕಿಗೆ ಹಿಡಿದು ಓದುತ್ತ ಹೋದರು. ನಾನು ಟೈಪ್ ಮಾಡುತ್ತ ಹೋದೆ. ಓದಿ ಮುಗಿಸಿದ ಹಾಳೆ ಅವರ ಕೈಯಲ್ಲೇ ಹಪ್ಪಳದಂತೆ ಪುಡಿಯಾಗುತ್ತಿತ್ತು. ಕೊನೆಗೆ ಆ ಋತು ಉಳಿದದ್ದು ಹಾವೇರಿಯ ನನ್ನ ಮೇಜಿನ ಯಂತ್ರದಲ್ಲಿ ಮಾತ್ರ, ಭಂಡಾರದ ಬಾಗಿಲಾಚೆ.

ಅದನ್ನು ಬಾಗಿಲಿಗೆ ಕೊಟ್ಟಾಗ ಪರೀಕ್ಷಿಸುವ ಸೇವೆ ತಿರುಗಿಸಿ ಕಳಿಸಿತು. ಒಣ ಕಾಯಿಯ ತೂಕ ನಂಬುವಂತಿಲ್ಲ ಎಂದಿತು. ನಿಜವೇ. ಕೆಲವು ದಿನ ತೂಗಿದ ಕಾಯಿ ಇರಬೇಕಾದುದಕ್ಕಿಂತ ಭಾರವಾಗಿತ್ತು. ಅದರಲ್ಲೂ ಎಡಮಗ್ಗಲ ತಾಕಿನದು ಎಲ್ಲಕ್ಕಿಂತ ಹೆಚ್ಚು. ಮೇಡಂ ತಮ್ಮ ತಳಿಗೆ ತಾವೇ ತೂಕ ಏರಿಸಿ ಬರೆದುಕೊಂಡ ಹಾಗೆ ಕಾಣುತ್ತಿತ್ತು. ಮುಖ್ಯಸ್ಥರು ಆ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮೇಡಂ ಮುಖ ನೋಡುವುದನ್ನು ಬಿಟ್ಟರು. ಮೇಡಂ ಮಧ್ಯಾಹ್ನದ ಡಬ್ಬಿಯನ್ನು ತೆರೆಯದೆ ಮನೆಗೆ ಒಯ್ಯುತ್ತಿದ್ದುದನ್ನು ನಾನು ಕಂಡೆ.

ಭಂಡಾರದ ಸರ್ ಅಂಗೈ ಚಾಚಿ ಒಂದು ಇಡೀ ಮಧ್ಯಾಹ್ನ ಕೂತರು. ಮರುದಿನ ಬ್ಯಾಡಗಿಗೆ ಹೊರಟರು. ಮೇಡಂ ಮತ್ತು ನಾನು ಜೊತೆಗೆ. ಶೆಡ್ಡಿನಲ್ಲಿ ಕಾಯಿಯ ತೊಟ್ಟು ಬಿಡಿಸಿ ಆರಿಸುವ ಹೆಂಗಸರಿದ್ದಾರೆ. ಅವರ ಮುಂದಾಳು ನೀಲವ್ವ. ಸರ್ ಅಂದರೆ ಅವರಿಗೆ ಸಲಿಗೆ.

"ಸರ, ನಿಮ್ಮ ಮಷೀನಿಗೆ ಘಾಟು ಹತ್ತೂದಿಲ್ಲೇನ್ರಿ?"

"ಅದಕ್ಕ ಮೂಗಿಲ್ಲವ್ವ."

"ಮೂಗಿಲ್ಲದ್ದು ಮೆಣಸಿನಕಾಯಿ ವ್ಯವಹಾರ ಹೆಂಗ ಮಾಡತೈತ್ರಿ?"

ಹೆಂಗಸರೆಲ್ಲ ನಕ್ಕರು. ಸರ್ ಕೂಡ ನಕ್ಕು ಅಲ್ಲೇ ಚೀಲದ ಮೇಲೆ ಕೂತರು. ಮಾತಾಡುತ್ತಿರುವಾಗಲೇ ಒಬ್ಬಾಕೆ ಬೋಗುಣಿಯಲ್ಲಿ ನೀರು ತಂದು ಕೈಯಿಂದ ಅದ್ದಿ ಅದ್ದಿ ಕಾಯಿಯ ರಾಶಿಯ ಮೇಲೆ ಚಿಮುಕಿಸತೊಡಗಿದಳು. ಮರುದಿನ ಪೇಟೆ. ಹಿಂದಿನ ದಿನ ನೀರು ಚಿಮುಕಿಸಿ ಗೋಣಿತಾಟು ಮುಚ್ಚಿಟ್ಟರೆ ಕಾಯಿ ಮೆತ್ತಗಾಗಿ ಕೈಯಲ್ಲಿ ಮುರಿಯುವುದಿಲ್ಲ. ಬ್ಯಾಡಗಿಯಲ್ಲಿ ಇದು ಎಲ್ಲರೂ ಮಾಡುವುದು, ನಾನೂ ಚಿಕ್ಕಂದಿನಿಂದ ನೋಡಿದ್ದೇನೆ. ಸರ್ ಮಾತು ನಿಲ್ಲಿಸಿ ಆ ಕೈಯನ್ನು ನೋಡಿದರು. ಆಮೇಲೆ ಮೇಡಂ ಕೊಟ್ಟ ಪ್ರಯೋಗದ ಕಾಯಿಗೂ ಹೀಗೇ ಮಾಡುತ್ತೀರಾ ಎಂದು ಮೆಲ್ಲಗೆ ಕೇಳಿದರು.

"ಮಾಡದ ಬಿಡತೇವೇನ್ರಿ? ಅಕ್ಕನ ಕಾಯಿ ಮುರಿಬಾರದಲ್ರಿ," ಎಂದರು ನೀಲವ್ವ. "ಆ ರೋಗ ಬಂದ ವರ್ಷ ಒಂದ ತಾಕಿಂದು ಭಾಳ ಚಲೋ ಬಂದಿತ್ತು, ಕನ್ನಡಿ ಹಂಗ ಹೊಳೀತಿತ್ತು. ಅದಕ್ಕ ನಾನ ಕೈಯಾರೆ ಎರಡ ಸಲ ನೀರ ಹೊಡದೇನ್ರಿ."

ಮೇಡಂ ಮೊದಲು ನಕ್ಕರು. ಆಮೇಲೆ ಗೋಡೆಗೆ ಆತು ನಿಂತರು. ಪೇಟೆಯ ಹಿಂದಿನ ದಿನಗಳಲ್ಲಿ ಆರಿಸಿದ ಕಾಯಿಗಳಷ್ಟೇ ಭಾರ ಏಕೆ, ಒಳ್ಳೆಯ ಕಾಯಿ ಇನ್ನೂ ಭಾರ ಏಕೆ ಎಂಬುದು ಆ ಕ್ಷಣಕ್ಕೆ ಅವರಿಗೂ ನಮಗೂ ತಿಳಿದಿತ್ತು. ನೀರು ಚಿಮುಕಿಸುವ ವಿಷಯ ಮೇಡಂಗೆ ಗೊತ್ತಿರಲಿಲ್ಲ ಎಂದಲ್ಲ. ಸರ್‌ಗೆ ಗೊತ್ತಿರಲಿಲ್ಲ ಎಂದೂ ಅಲ್ಲ. ಅವರು ಹುಡುಗರಾಗಿದ್ದಾಗ ತಮ್ಮ ಅಂಗಳದಲ್ಲಿ ತಾವೇ ಚಿಮುಕಿಸಿದ್ದರು. ಎಲ್ಲರಿಗೂ ಗೊತ್ತಿದ್ದುದರಿಂದಲೇ ಅದನ್ನು ಯಾರೂ ಎಲ್ಲೂ ಬರೆದಿರಲಿಲ್ಲ.

ಹಾವೇರಿಗೆ ವಾಪಸಾಗುವಾಗ ಜೀಪಿನಲ್ಲಿ ಸರ್ ಹೊರಗೆ ನೋಡುತ್ತ ಕೂತಿದ್ದರು. ರಸ್ತೆಯ ಎರಡೂ ಬದಿಗೆ ಒಣಹಾಕಿದ ಕೆಂಪು, ಮೇಲೆ ಹಳದಿ ಬೆಳಕು. ಬರೆದದ್ದಕ್ಕೆ ಗೆದ್ದಲು ಹತ್ತಬಹುದು, ಆದರೆ ಅದಕ್ಕಿಂತ ಮೊದಲು ಸಾಯುವುದು ಯಾರೂ ಬರೆಯದೇ ಇದ್ದದ್ದು ಎಂದು ಅವರು ಹೇಳಿದರು. ತಮಗೇ ಹೇಳಿಕೊಂಡರೋ ನಮಗೋ ಗೊತ್ತಾಗಲಿಲ್ಲ.

ಅವರು ಭಂಡಾರದ ಬಾಗಿಲನ್ನೇ ಬದಲಾಯಿಸಿದರು. ಪರೀಕ್ಷಿಸುವ ಸೇವೆ ಇನ್ನು ಮೇಲೆ ಏನನ್ನೂ ತಿರುಗಿಸಿ ಕಳಿಸಬಾರದು. ಅನುಮಾನವಿದ್ದರೆ ಅನುಮಾನವನ್ನೂ ಬರೆದು ಜೊತೆಗಿಡಬೇಕು. ಅಂಕಿಯನ್ನು ತಿದ್ದುವಂತಿಲ್ಲ, ಪಕ್ಕದಲ್ಲಿ ಹೇಳಬಹುದು ಅಷ್ಟೆ. ಜೊತೆಗೆ ಒಂದು ಹೊಸ ಜಾಗ ಮಾಡಿದರು. ಅಂಕಿ ಕೊಡುವವರು ಕೊನೆಯಲ್ಲಿ ಒಂದು ಪ್ರಶ್ನೆಗೆ ಕನ್ನಡದಲ್ಲೇ ಉತ್ತರ ಬರೆಯಬೇಕು: ನಿಮ್ಮ ಕಡೆ ಎಲ್ಲರಿಗೂ ಗೊತ್ತು ಎಂದು ನೀವು ಬರೆಯದೇ ಬಿಟ್ಟದ್ದು ಏನು?

ಶುರುವಿನಲ್ಲಿ ವಿಜ್ಞಾನಿಗಳು ಅಲ್ಲಿ ಒಂದು ಗೀಟು ಎಳೆದು ಬಿಡುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಬರೆಯತೊಡಗಿದರು. ರಾಣೆಬೆನ್ನೂರಿನ ಬೀಜದವರೊಬ್ಬರು ತಮ್ಮ ಕೋಣೆಯ ಕಿಟಕಿ ಹಾಕಲು ಬರುವುದಿಲ್ಲ ಎಂದು ಬರೆದರು. ಮಳೆ ಅಳೆಯುವವರು, ಮಾಪಕದ ಮೇಲೆ ಬೇವಿನ ಕೊಂಬೆ ಬೆಳೆದಿದೆ, ಕಡಿಯಲು ಯಾರಿಗೂ ಮನಸ್ಸಿಲ್ಲ ಎಂದು ಬರೆದರು. ನಾನು ಇವನ್ನು ಟೈಪ್ ಮಾಡುವಾಗ ನಮ್ಮ ಕಚೇರಿಯನ್ನು ಮೊದಲ ಸಲ ನೋಡಿದ ಹಾಗಾಗುತ್ತಿತ್ತು.

ಸಮಿತಿ ಬರುವ ದಿನ ಹತ್ತಿರವಾಗುತ್ತಿತ್ತು. ಹೊಸ ಬಾಗಿಲು ಹೊಸ ಅಂಕಿಗಳಿಗೆ ತೆರೆದಿತ್ತು, ಒಮ್ಮೆ ತಿರುಗಿಸಿ ಕಳಿಸಿದ ಹಳೆಯವನ್ನು ಮತ್ತೆ ಸ್ವೀಕರಿಸಲು ಇನ್ನೂ ಸಿದ್ಧವಾಗಿರಲಿಲ್ಲ. ಮೇಡಂ ಪ್ರತಿ ದಿನ ನಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತು ಹೋಗುತ್ತಿದ್ದರು. ಒಂದು ಬೆಳಿಗ್ಗೆ ಅವರು ಹಾಗೆ ಬಂದು ಹೋದ ಮೇಲೆ ಸರ್ ಎದ್ದು ಯಂತ್ರದ ಮುಂದೆ ಕೂತು, ಆ ಋತುವನ್ನೂ ಅದರ ಜೊತೆ ನೀರಿನ ಟಿಪ್ಪಣಿಯನ್ನೂ ಒಳಗಿನ ಕಪಾಟಿನಲ್ಲಿ ತಾವೇ ಇಟ್ಟುಬಿಟ್ಟರು. ನಾನು ಪಕ್ಕದಲ್ಲೇ ಇದ್ದೆ. ಹೊರಗೆ ನನ್ನ ಯಂತ್ರದಲ್ಲಿದ್ದ ಪ್ರತಿ ಇನ್ನು ಬೇಡ, ಎರಡಿದ್ದರೆ ನಾಳೆ ಯಾವುದು ಸರಿ ಎಂಬ ಗೊಂದಲ ಬರುತ್ತದೆ ಎಂದು ಅದನ್ನು ಪೂರ್ತಿ ಅಳಿಸಿಸಿದರು. ಮಧ್ಯಾಹ್ನ ಮೇಡಂಗೆ ಹೇಳಿದರು. ಅವತ್ತು ಮೇಡಂ ಡಬ್ಬಿ ತೆರೆದು ನಮಗೂ ಶೇಂಗಾ ಹೋಳಿಗೆ ಕೊಟ್ಟರು.

ಸಮಿತಿ ಬರುವ ಮೊದಲಿನ ಗುರುವಾರ ಪರೀಕ್ಷೆ. ಪರೀಕ್ಷೆ ಮಾಡದ ನಕಲನ್ನು ನಂಬಬಾರದು ಎಂಬುದು ಅವರ ಹಟ. ಹಾವೇರಿಯ ಭಂಡಾರದ ಯಂತ್ರ ಸುಟ್ಟುಹೋಯಿತು ಎಂದುಕೊಳ್ಳಬೇಕು, ಮತ್ತೆ ತೆಗೆಯಲು ಬಾರದ ಹಾಗೆ ಅದನ್ನು ಪೂರ್ತಿ ಅಳಿಸಬೇಕು, ಆಮೇಲೆ ಉಳಿದ ಎರಡು ಊರುಗಳಿಂದ ಎಲ್ಲವೂ ಮರಳಿ ಬರುತ್ತದೆಯೇ ನೋಡಬೇಕು. ಮುಖ್ಯಸ್ಥರಿಗೆ ಗಾಬರಿ. ಒಂದು ಸಿ.ಡಿ. ಮಾಡಿ ಬೀರುವಿನಲ್ಲಿಟ್ಟು ಆಮೇಲೆ ಅಳಿಸಿ ಎಂದರು. ಹಾಗೆ ಮಾಡಿದರೆ ಅದು ನಾಟಕವಾಗುತ್ತದೆ ಎಂದರು ಸರ್. ಮೇಡಂ ಕಡೆ ತಿರುಗಿದರು.

"ಮೇಡಂ, ಇದರಾಗ ನಿಮ್ಮವ ಭಾಳ ಅದಾವು. ಅಳಸ್ಲೇನ್ರಿ?"

"ನಿಮ್ಮ ಮ್ಯಾಲ ನಂಬಿಕಿ ಐತ್ರಿ."

"ನನ್ನ ಮ್ಯಾಲ ಬ್ಯಾಡ್ರಿ. ಕೆಲಸದ ಮ್ಯಾಲ ಇರ್ಲಿ."

ಅಳಿಸಿದರು. ಅದಕ್ಕೆ ಬೆಳಗಿನ ಬಹುಪಾಲು ಹಿಡಿಯಿತು. ಆಮೇಲೆ ರಾಣೆಬೆನ್ನೂರಿನಿಂದ ಅಂಕಿಗಳು ತಂತಿಯ ಮೇಲೆ ಮೆಲ್ಲಗೆ ಬರತೊಡಗಿದವು. ಮಳೆ ಬಂತು, ಬೀಜ ಬಂತು, ಮಣ್ಣು ಬಂತು. ಮೇಡಂ ಅವರ ವರ್ಷಗಳು ಒಂದೊಂದಾಗಿ ಪರದೆಯ ಮೇಲೆ ಮೂಡಿದವು. ರೋಗದ ಋತು ಮಾತ್ರ ಬರಲಿಲ್ಲ. ನಾವು ಕಾದೆವು. ಎಲ್ಲ ಬಂದಾಯಿತು ಎಂದು ಯಂತ್ರ ಹೇಳಿತು.

ಸರ್ ಕಣ್ಣು ಮುಚ್ಚಲಿಲ್ಲ, ಅಂಗೈ ಚಾಚಲಿಲ್ಲ. ಅವರಿಗೆ ಆಗಲೇ ಗೊತ್ತಾಗಿತ್ತು. ನಕಲು ಮಾಡುವ ಸೇವೆ ಬಾಗಿಲಿನಿಂದ ಬಂದದ್ದನ್ನಷ್ಟೇ ನಕಲು ಮಾಡುತ್ತದೆ. ಬಾಗಿಲಿನಿಂದ ಬರದ, ತಾವೇ ಕೈಯಾರೆ ಇಟ್ಟ ಒಂದನ್ನು ಅದು ನೋಡಿಯೇ ಇರಲಿಲ್ಲ. ಇದನ್ನು ಅವರು ನಮಗೆ ಬಿಡಿಸಿ ಹೇಳಿದರು. ಮೇಡಂ ಕುರ್ಚಿಯ ತೋಳು ಹಿಡಿದುಕೊಂಡರು.

ಒಂದು ಆಸೆ ಉಳಿದಿತ್ತು. ಕೆಲವು ವಾರಗಳ ಹಿಂದೆ ಬ್ಯಾಡಗಿಯ ದೂರವಾಣಿ ತಂತಿ ಕೆಟ್ಟಾಗ, ಅಲ್ಲಿ ಕಾಯಿ ಒಣಹಾಕುವ ಕೆಲಸದ ಜೊತೆ ಯಂತ್ರವನ್ನೂ ನೋಡಿಕೊಳ್ಳುವ ಖಾದರ್ ಹಾವೇರಿಗೆ ಬಂದು ಭಂಡಾರದ ಇಡೀ ಡಿಸ್ಕಿನ ಪ್ರತಿ ಮಾಡಿಕೊಂಡು ಚೀಲದಲ್ಲಿ ಒಯ್ದಿದ್ದ. ಇಡೀ ಡಿಸ್ಕೆಂದರೆ ಅದರಲ್ಲಿ ಬಾಗಿಲಿನಿಂದ ಬಂದದ್ದು, ಬರದದ್ದು ಎಲ್ಲ ಇರುತ್ತದೆ. ಆದರೆ ಅವನು ಒಯ್ದದ್ದು ಸರ್ ಆ ಋತುವನ್ನು ಇಡುವ ಮೊದಲೋ ಆಮೇಲೋ? ಬ್ಯಾಡಗಿಯ ತಂತಿ ಅವತ್ತೂ ಸತ್ತಿತ್ತು. ಜೀಪು ಹತ್ತಿದೆವು.

ಆ ದಾರಿ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟ ಮೇಲೆ ಮೆಣಸಿನಕಾಯಿ ಹೇರಿದ ಗಾಡಿಗಳು ಸಾಲು ಹಿಡಿದು ನಿಂತಿದ್ದವು. ಜೀಪು ಹೆಜ್ಜೆ ಹಾಕಿದಂತೆ ಹೋಗುತ್ತಿತ್ತು. ಎಲ್ಲ ಕಡೆ ಕೆಂಪು, ಕೆಂಪಿನ ಧೂಳು, ಧೂಳಿನಲ್ಲಿ ಬಿಸಿಲು. ಮೇಡಂ ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಘಾಟಿಗೂ ಇರಬಹುದು. ಭಂಡಾರದ ಸರ್ ಕಣ್ಣಲ್ಲಿ ನೀರು ಇಳಿಯುತ್ತಿದ್ದುದನ್ನು ಮಾತ್ರ ನಾನು ನೋಡಿದೆ. ಅವರಿಗೆ ಘಾಟು ಹತ್ತುತ್ತಿರಲಿಲ್ಲ.

ಖಾದರ್ ಡಿಸ್ಕು ತೆರೆದು ತೋರಿಸಿದ. ಅವನು ಒಯ್ದದ್ದು ಮೊದಲೇ. ಆ ಋತು ಅದರಲ್ಲಿ ಇರಲಿಲ್ಲ.

ಸರ್ ಕುರ್ಚಿ ಎಳೆದುಕೊಂಡು ಕೂತದ್ದು ಆಗ. ನಾನು ನಿಂತಿದ್ದ ಜಾಗ ಮೊದಲೇ ಹೇಳಿದ್ದೇನೆ. ಮೇಡಂ ಅವರ ಬಲಕ್ಕೆ ಸ್ಟೂಲಿನ ಮೇಲೆ ಕೂತಿದ್ದರು. ಖಾದರ್ ಯಂತ್ರದ ಹಿಂದೆ. ಏನೋ ಆಗಿದೆ ಎಂದು ನೀಲವ್ವ ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತಿದ್ದರು. ಬರೆದು ಮುಗಿಸಿ ಸರ್ ಕುರ್ಚಿ ಸರಿಸಿದರು, ಓದಿ ನೋಡಿ ಎಂದು ಮೇಡಂಗೆ ಹೇಳಿದರು. ಮೇಡಂ ಗಟ್ಟಿಯಾಗಿ ಓದಿದರು:

"ಈ ಋತುವಿನ ಅಂಕಿಗಳು ಇಲ್ಲಿ ಇದ್ದವು. ಬಾಗಿಲಿನಿಂದ ಕಳಿಸದೆ ನಾನು ಅವನ್ನು ಕೈಯಾರೆ ಒಳಗಿಟ್ಟೆ. ಆದ್ದರಿಂದ ನಕಲು ಆಗಲಿಲ್ಲ. ಇವತ್ತು ನಾನೇ ಅಳಿಸಿದೆ."

ಕೆಳಗೆ ಅವರ ಹೆಸರು, ತಂದೆಯ ಹೆಸರು, ಊರು. ತಾವು ಕಟ್ಟಿದ ಭಂಡಾರದಲ್ಲಿ ಅವರು ತಮ್ಮ ಹೆಸರನ್ನು ಬರೆದದ್ದು ಅಲ್ಲೊಂದೇ ಕಡೆ.

ಮೇಡಂ ಪರದೆಯನ್ನು ನೋಡುತ್ತಲೇ ಇದ್ದರು. ಬೈಯುತ್ತಾರೆ ಎಂದುಕೊಂಡೆ. ಅಳುತ್ತಾರೆ ಎಂದುಕೊಂಡೆ.

"ಇಷ್ಟ ಬರದ್ರ ನಿಮ್ಮ ತ‌ಪ್ಪು ಉಳೀತೈತ್ರಿ ಸರ್," ಎಂದರು. "ನನ್ನ ಗಿಡ ಉಳಿಯೂದಿಲ್ಲ. ಎಡಮಗ್ಗಲ ತಾಕು ಹಸರ ಇತ್ತು ಅಂತ ಬರೀರಿ."

"ಅಂಕಿ ಇಲ್ಲಲ್ರಿ ಮೇಡಂ."

"ನೋಡಿದವರು ಅದೀವಲ್ರಿ."

ಬಾಗಿಲಿನಿಂದ ನೀಲವ್ವ ಮೆಲ್ಲಗೆ ಹೇಳಿದರು. "ಆ ಕಾಯಿ ನಾನ ಬಿಡಿಸೇನ್ರಿ. ನನ್ನ ಹೆಸರೂ ಹಾಕ್ರಿ."

ಸರ್ ಮತ್ತೆ ಯಂತ್ರದ ಕಡೆ ತಿರುಗಿದರು. ಇಂಥದ್ದನ್ನು ಬರೆಯಲು ಭಂಡಾರದಲ್ಲಿ ಬೇರೆ ಜಾಗವಿರಲಿಲ್ಲ. ಎಲ್ಲರಿಗೂ ಗೊತ್ತಿರುವುದು ಏನು ಎಂಬ ಪ್ರಶ್ನೆಯ ಕೆಳಗೇ ಬರೆದರು. ಆ ವರ್ಷ ಎಡಮಗ್ಗಲ ತಾಕು ಹಸಿರಾಗಿತ್ತು. ಕಾಯಿ ಹೊಳೆಯುತ್ತಿತ್ತು. ಕಂಡವರು ಇವರು. ಒಬ್ಬೊಬ್ಬರ ಹೆಸರನ್ನೂ ಬರೆದು, ಏನು ಕಂಡಿರಿ ಎಂದು ಕೇಳಿ, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡರು. ನನ್ನನ್ನೂ ಕೇಳಿದರು. ಬದುವಿನ ಮೇಲೆ ನಿಂತದ್ದನ್ನು ಹೇಳಿದೆ. ಅಂಕಿಗಳು ನೆನಪಿವೆಯೇ ಎಂದು ಅವರು ಕೇಳಲಿಲ್ಲ. ಪ್ರತಿಯೊಂದನ್ನೂ ನನ್ನ ಬೆರಳುಗಳೇ ಒತ್ತಿದ್ದವು. ಒಂದೂ ನೆನಪಿರಲಿಲ್ಲ.

ಸಮಿತಿಯವರು ಬಂದರು. ಆ ನಮೂದನ್ನು ಎರಡು ಸಲ ಓದಿದರು. ಕಂಡವರ ಮಾತಿನ ಮೇಲೆ ತಳಿಯನ್ನು ಶಿಫಾರಸು ಮಾಡಲು ಬರುವುದಿಲ್ಲ, ರೋಗ ಮತ್ತೆ ಹಾಗೆ ಬಂದ ವರ್ಷ ಬಿತ್ತಿ ಅಳೆಯಬೇಕು ಎಂದರು. ಅವರು ಹೇಳಿದ್ದು ನ್ಯಾಯವೇ. ಮೇಡಂ ಮೇ ತಿಂಗಳಲ್ಲಿ ನಿವೃತ್ತರಾದರು. ಬೀಜ ರಾಣೆಬೆನ್ನೂರಿನ ತಣ್ಣನೆಯ ಕೋಣೆಯಲ್ಲಿದೆ. ರೋಗ ಹಾಗೆ ಇನ್ನೂ ಬಂದಿಲ್ಲ, ಬರಲಿ ಎಂದು ಬಯಸುವುದು ಹೇಗೆ? ಭಂಡಾರದ ಸರ್ ಎರವಲು ಸೇವೆ ಮುಗಿದರೂ ಕಾಲೇಜಿಗೆ ಮರಳಲಿಲ್ಲ. ಬೀಜದ ಕೋಣೆಗೆ ಹತ್ತಿರವಿರಬೇಕೆಂದು ರಾಣೆಬೆನ್ನೂರಿನಲ್ಲಿ ಮನೆ ಮಾಡಿದರು. ಪ್ರತಿ ವರ್ಷ ಆ ಬೀಜದ ಒಂದು ಹಿಡಿ ನೆಡಿಸಿ, ಹೊಸ ಬೀಜ ಮಾಡಿಸಿ ಇಡಿಸುತ್ತಿದ್ದರು. ಬೀಜ ಹಳತಾದರೆ ಮೊಳೆಯುವುದಿಲ್ಲ, ಅದಕ್ಕೂ ನಕಲು ಬೇಕು ಎನ್ನುತ್ತಿದ್ದರು. ಈ ವರ್ಷದ ಗಿಡಗಳು ಹೂ ಬಿಟ್ಟಿದ್ದಾಗ ಅವರು ಹೋದರು.

ಮುಂದೆ ಯಾವ ವರ್ಷವೋ ರೋಗ ಬಂದರೆ, ಯಾರೋ ಆ ನಮೂದನ್ನು ಓದಿ, ಇದು ಹೌದೇ ಎಂದು ಕೇಳಿಕೊಂಡು ಬರಬಹುದು. ಬಂದವರಿಗೆ ಅನುಕೂಲವಾಗಲಿ ಎಂದು ಬರೆದಿದ್ದೇನೆ. ಆ ಗುರುವಾರ ಕೋಣೆಯಲ್ಲಿದ್ದು, ಈಗಲೂ ಇರುವವರು ಇವರು. ಗಿರಿಜಾ ಮೇಡಂ, ಹಾವೇರಿಯಲ್ಲಿ. ತಾಕಿನೊಳಗೆ ಇಳಿದು ಎಲೆ ತಿರುವಿ ನೋಡಿದವರು. ಖಾದರ್, ಬ್ಯಾಡಗಿಯಲ್ಲಿ, ಆ ಕಾಯಿಯನ್ನು ಒಣಹಾಕಿದವನು. ನಾನು, ಕರ್ಜಗಿಯಲ್ಲಿ. ನೀಲವ್ವ, ಬ್ಯಾಡಗಿಯಲ್ಲೇ, ಈಗ ಕಣ್ಣು ಮಂಜಾಗಿದೆ, ಆದರೆ ಆ ಕಾಯಿ ಕೈಗೆ ಕೊಟ್ಟರೆ ಹೇಳುತ್ತೇನೆ ಎನ್ನುತ್ತಾರೆ.